ದೊಡ್ಡಿಯವರನ್ನು ಮಾತಾಡಿಸಿದ್ದು

ಕರಡು ನಿಯಮಗಳು ನನ್ನ ಮೇಜಿಗೆ ಬಂದದ್ದು ಇಂಗ್ಲಿಷಿನಲ್ಲಿ, ಜೊತೆಗೊಂದು ತಮಿಳು ಪ್ರತಿ. ಯಾರ ದನಗಳ ಮೇಲೆ ಆ ನಿಯಮಗಳು ಬೀಳಲಿದ್ದವೋ ಅವರಲ್ಲಿ ಹೆಚ್ಚಿನವರ ಮನೆಮಾತು ಕನ್ನಡ. ಅದನ್ನೂ ಅವರಿಗೆ ಓದಲು ಬರುತ್ತಿರಲಿಲ್ಲ. ಕೊಳ್ಳೇಗಾಲ ಆಗಿನ್ನೂ ಮದರಾಸು ಸರ್ಕಾರಕ್ಕೆ ಸೇರಿತ್ತು. ನಾನು ಅಲ್ಲಿನ ಒಂದು ಕಚೇರಿಯಲ್ಲಿ ಮೂರೂ ಭಾಷೆ ಬಲ್ಲ ಗುಮಾಸ್ತ. ಹಾಗಾಗಿ ಇಂಥ ಕಾಗದಗಳೆಲ್ಲ ನನ್ನ ಕೊರಳಿಗೇ ಸುತ್ತಿಕೊಳ್ಳುತ್ತಿದ್ದವು.

ವಿಷಯ ಕಾಡಿನ ದೊಡ್ಡಿಗಳದು. ಹನೂರಿನಿಂದಾಚೆ ಹೂಗ್ಯಂ ಕಡೆಯ ಕಾಡಿನಲ್ಲಿ ಜನ ಮುಳ್ಳುಬೇಲಿ ಕಟ್ಟಿ, ದನ ಕೂಡಿಕೊಂಡು, ತಾವೂ ಅಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಮೇವು ನೀರು ನೋಡಿಕೊಂಡು ದೊಡ್ಡಿಯನ್ನು ಆಗಾಗ ಕಿತ್ತು ಇನ್ನೊಂದು ಕಡೆ ಕಟ್ಟುವುದು ಅವರ ವಾಡಿಕೆ. ಹೊಸ ಕರಡು ಮುಖ್ಯವಾಗಿ ಎರಡು ಮಾತು ಹೇಳುತ್ತಿತ್ತು. ದೊಡ್ಡಿಗಳು ಅರಣ್ಯ ಇಲಾಖೆ ಕಲ್ಲು ನೆಟ್ಟು ತೋರಿಸಿದ ಜಾಗದಲ್ಲೇ ಇರಬೇಕು, ಹನೂರಿನ ಕಚೇರಿಯ ಲಿಖಿತ ಅಪ್ಪಣೆಯಿಲ್ಲದೆ ಕದಲಿಸಬಾರದು. ಬೇಸಿಗೆಯಲ್ಲಿ ಶಿವರಾತ್ರಿಯ ಹೊತ್ತಿನಿಂದ ಎರಡು ತಿಂಗಳು ಕಾಡು ಬಂದ್. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಆಕ್ಷೇಪಣೆ ಇರುವವರು ಗಡುವಿನೊಳಗೆ ರುಜು ಹಾಕಿ ಬರೆದು ಕೊಡತಕ್ಕದ್ದು ಎಂದಿತ್ತು.

ನಮ್ಮ ಸಾಹೇಬರು ತಂಜಾವೂರು ಸೀಮೆಯವರು. ಕೆಟ್ಟವರಲ್ಲ. ಆದರೆ ಫೈಲೊಂದು ಮೇಜಿನ ಮೇಲೆ ಉಳಿದರೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

"ಕನ್ನಡಕ್ಕೆ ಮಾಡು, ಚಾವಡಿಗಳಲ್ಲಿ ಅಂಟಿಸು, ಡಂಗುರ ಹೊಡೆಸು. ಗಡುವು ಮುಗಿದ ಮೇಲೆ ಆಕ್ಷೇಪಣೆ ಇಲ್ಲ ಅಂತ ಬರೆದು ನನ್ನ ಸಹಿಗೆ ಇಡು," ಎಂದರು.

"ಇಲ್ಲ ಅಂತ ಈಗಲೇ ಹೇಗೆ ಗೊತ್ತು ಸಾರ್?"

"ಯಾವತ್ತಾದರೂ ಬಂದದ್ದು ನೋಡಿದ್ದೀಯಾ?"

ನೋಡಿರಲಿಲ್ಲ. ಆದರೂ ನನಗೆ ಸುಮ್ಮನಿರಲಾಗಲಿಲ್ಲ. ನಾನು ಮೊದಲೇ ಕೂತಲ್ಲಿ ಕೂರುವವನಲ್ಲ, ಅಂಡು ಸುಟ್ಟ ಬೆಕ್ಕು ಎಂದು ಮನೆಯಲ್ಲೇ ಹೆಸರು ಬಿದ್ದಿತ್ತು. ಸ್ವರಾಜ್ಯ ಬಂದ ಹೊಸತು ಬೇರೆ. ಸರ್ಕಾರ ಕೇಳುತ್ತೇನೆ ಎಂದು ಅಚ್ಚು ಹಾಕಿಸಿದ ಮೇಲೆ ಯಾರಾದರೂ ಒಬ್ಬ ಹೇಳಲೇಬೇಕು ಎಂಬ ಹಟ ಹತ್ತಿತು. ಊರಿಂದೂರಿಗೆ ನಾನೇ ಹೋಗುತ್ತೇನೆ ಎಂದೆ. ಸಾಹೇಬರು, ಹೋಗು, ಆದರೆ ಗಡುವು ಮೀರಿದರೆ ನಿನ್ನನ್ನು ಬಿಡುವುದಿಲ್ಲ ಎಂದರು.

ಕನ್ನಡ ಪ್ರತಿಯನ್ನು ಬಹಳ ಮುತುವರ್ಜಿಯಿಂದ ಮಾಡಿದೆ. 'ತತ್ಸಂಬಂಧವಾಗಿ', 'ಮೇಲ್ಕಂಡಂತೆ' ಎಂಬವನ್ನೆಲ್ಲ ಕಿತ್ತು ಹಾಕಿ ಆಡುಮಾತಿಗೆ ಹತ್ತಿರ ತಂದೆ. ನನ್ನ ಬೆನ್ನು ನಾನೇ ತಟ್ಟಿಕೊಂಡು ಮೊದಲು ಯಳಂದೂರಿಗೆ ಹೋದೆ. ಅದು ಮೈಸೂರು ಸೀಮೆ, ನಮ್ಮ ಕಚೇರಿಯ ಅಧಿಕಾರ ಅಲ್ಲಿ ಕಾಸಿಗೂ ನಡೆಯುತ್ತಿರಲಿಲ್ಲ. ಆದರೆ ಅಲ್ಲಿನ ಗೌಡರ ದನಗಳು ಹೂಗ್ಯಂ ದೊಡ್ಡಿಗಳಲ್ಲಿ ಮೇಯುತ್ತಿದ್ದವು. ದನದ ಒಡೆಯನೊಬ್ಬ ನನ್ನ ಮಾತು ಪೂರ್ತಿ ಕೇಳಿ, ಎಲೆಯ ತೊಟ್ಟು ಮುರಿಯುತ್ತ ಹೇಳಿದ.

"ನಿಮ್ ಸರ್ಕಾರ ಬ್ಯಾರೆ, ನಮ್ ಸರ್ಕಾರ ಬ್ಯಾರೆ ಕಣ್ರಿ. ನಾ ಅಲ್ಲಿಗ್ ಬಂದು ಬ್ಯಾಡ ಅಂದ್ರ ಯಾರ್ ಕೇಳರು. ಆದ್ರ ನನ್ ಹೋರಿಗ ಗಡಿ ಎಲ್ಲದ ಅಂತ ಗೊತ್ತಿಲ್ವಲ್ಲ, ಅದ ಏನ್ ಮಾಡನ?"

ಅದನ್ನೂ ಬರೆದುಕೊಂಡೆ. ನನ್ನ ಹತ್ತಿರ ಇದ್ದ ಮೊದಲ ಆಕ್ಷೇಪಣೆ ಪರರಾಜ್ಯದವನದು, ಅದಕ್ಕೂ ರುಜು ಇರಲಿಲ್ಲ.

ಆಮೇಲೆ ಬಸ್ಸಿನಲ್ಲಿ ಹನೂರು, ಅಲ್ಲಿಂದ ಗಾಡಿಯಲ್ಲಿ ಬಂಡಳ್ಳಿ, ಮತ್ತೆ ನಡೆದು ಹೂಗ್ಯಂ. ಜೊತೆಗೆ ಒಬ್ಬ ಫಾರೆಸ್ಟ್ ಗಾರ್ಡು. ಹೂಗ್ಯಂನಲ್ಲಿ ತಮಟೆ ಬಡಿಯುವ ತೋಟಿಯನ್ನು ಕರೆಸಿ ಸಾರಬೇಕಾದ ಮಾತನ್ನು ಬಾಯಿಪಾಠ ಮಾಡಿಸಿದೆ. ಆತ ಒಂದಕ್ಷರ ತಪ್ಪದೆ, ಕಾಡಿನ ಬಾಯಲ್ಲಿ ನಿಂತು, ದೊಡ್ಡಿಗಳಿಗೆಲ್ಲ ಕೇಳುವ ಹಾಗೆ ಸಾರಿದ. ಅಹವಾಲು ಇರುವವರು ಮುಂದಿನ ಸಂತೆಯ ದಿನ ಹನೂರಿನ ಬಂಗಲೆಗೆ ಬರಬೇಕು ಎಂಬುದು ಅದರ ಕೊನೆ. ಇಷ್ಟು ಚೊಕ್ಕವಾಗಿ ಯಾವ ಕಚೇರಿಯೂ ಮಾಡಿರಲಿಕ್ಕಿಲ್ಲ ಎಂದು ಹಿಗ್ಗಿಕೊಂಡೇ ಹನೂರಿಗೆ ಹಿಂತಿರುಗಿದೆ.

ಸಂತೆಯ ದಿನ ಬಂಗಲೆಯ ಜಗುಲಿಯಲ್ಲಿ ಮೇಜು ಹಾಕಿಸಿ ಕೂತೆ. ಬಂದವರು ಸತ್ತೇಗಾಲದ ಕಡೆಯ ಜಮೀನುದಾರರು. ಬೆಳ್ಳಗೆ ಒಗೆದ ಪಂಚೆ, ಕೈಯಲ್ಲಿ ಅಂದವಾಗಿ ಬರೆಸಿದ ಅರ್ಜಿ. ಅವರಿಗೆ ನಿಯಮ ಒಪ್ಪಿಗೆಯಂತೆ. ದೊಡ್ಡಿ ಒಂದೇ ಕಡೆ ನಿಂತರೆ ಗೊಬ್ಬರವೂ ಒಂದೇ ಕಡೆ ಸಿಗುತ್ತದೆ, ಗದ್ದೆಗೆ ಗಾಡಿ ಹೊಡೆಯುವುದು ಸುಲಭ ಎಂದು ಬರೆದಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಭತ್ತ ಕಬ್ಬು ಬೆಳೆಯುವವರಿಗೆ ಗೊಬ್ಬರ ಬೇಕೇ ಬೇಕು. ಅರ್ಜಿ ಇಸಿದುಕೊಂಡು ರಸೀದಿ ಕೊಟ್ಟೆ. ಆದರೆ ದೊಡ್ಡಿಯವನೆಂದು ಒಂದು ನರಪಿಳ್ಳೆಯೂ ಬರಲಿಲ್ಲ. ಜಗುಲಿಯ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ಓಡಾಡಿದೆನೋ. ಕೊನೆಗೆ ಗಾರ್ಡು, "ಕುಂತ್ಕಳಿ ಸಾ, ಬರೋದಾದ್ರ ಇಷ್ಟೊತ್ಗ ಬರರು," ಎಂದ. ಸ್ವಲ್ಪ ಹೊತ್ತು ಬಿಟ್ಟು ತಲೆ ಕೆರೆದುಕೊಳ್ಳುತ್ತ ಇನ್ನೊಂದು ಮಾತು ಸೇರಿಸಿದ.

"ಇನ್ನೊಂದ್ ಏಳ್ಬೇಕಿತ್ತು ಸಾ. ಮೇಲ್ಗಡೆ ದೊಡ್ಡಿ ಕೀಳ್ತಾವ್ರಂತ. ಎಳೇ ಹೋರಿಗಳ ಬಂಡಳ್ಳಿ ಯಾಪಾರ್ದೋರ್ಗ ಹೊಡ್ಕೊಟ್ಬುಟ್ರಂತ."

"ಯಾಕೆ? ಯಾರು ಕೀಳೋಕೆ ಹೇಳಿದ್ದು?"

"ನೀವೇ ತಮಟೆ ಬಡಿಸುದ್ರಲ್ಲ ಸಾ."

ಮರುದಿನ ಬೆಳಕು ಹರಿಯುವ ಹೊತ್ತಿಗೆ ಗಾರ್ಡನ್ನು ಎಬ್ಬಿಸಿಕೊಂಡು ಹೊರಟೆ.

ಹೂಗ್ಯಂ ದಾಟಿ ಕಾಡುದಾರಿ ಹಿಡಿದಾಗ ಎದುರಿಗೆ ದನದ ಹಿಂಡು ಇಳಿದು ಬರುತ್ತಿತ್ತು. ಹಿಂದೆ ತಲೆಯ ಮೇಲೆ ಪಾತ್ರೆಯ ಗಂಟು ಹೊತ್ತ ಒಬ್ಬ ಹೆಂಗಸು. ಗಂಡ ತೀರಿದ ಮೇಲೆ ಒಂದು ದೊಡ್ಡ ದೊಡ್ಡಿಯನ್ನು ಈಕೆಯೇ ನಡೆಸುತ್ತಿದ್ದಾಳೆ, ಅಲ್ಲಿಯವರೆಲ್ಲ ಈಕೆಯನ್ನು ದೊಡ್ಡವ್ವ ಎನ್ನುತ್ತಾರೆ ಎಂದು ಗಾರ್ಡು ಪಿಸುಗುಟ್ಟಿದ. ನಾನು ದಾರಿಗೆ ಅಡ್ಡ ನಿಂತು, ಇನ್ನೂ ಯಾವ ಹುಕುಮೂ ಆಗಿಲ್ಲ, ಸರ್ಕಾರ ಬರೀ ಕೇಳಿದೆ ಅಷ್ಟೆ, ವಾಪಸು ಹೋಗಿ ಎಂದು ಒಂದೇ ಉಸಿರಿಗೆ ಹೇಳಿದೆ.

ಆಕೆ ಗಂಟು ಇಳಿಸಲಿಲ್ಲ. "ತಮಟೆ ಬಡುದ್ಮೇಲ ಕೇಳದು ಏನಿದ್ದದು ಬುದ್ದಿ. ಮನ ಜಪ್ತಿಗ ತಮಟೆ ಬಡೀತಾರ. ಹರಾಜ್ಗ ಬಡೀತಾರ. ಯಾವತ್ತಾರ ತಮಟೆ ಬಡುದು, ನಿನ್ ಮಾತೇನವ್ವ ಅಂತ ಕೇಳಿದ್ದುಂಟಾ?"

"ಮತ್ತೆ ಕೇಳೋದಿದ್ರೆ ಹೇಗೆ ಕೇಳ್ತಾರವ್ವ?"

"ಎಲೆ ಅಡಿಕೆ ತಕಂಡು ಬತ್ತಾರ. ಮನ ಬಾಗ್ಲಿಗ. ಎಲೆ ಈಸ್ಕಂಡೋನು ಕೂಟಕ್ಕ ಬರ್ಬೇಕು. ಎಲೆ ಕೊಟ್ಟೋನು, ಎಲ್ಲಾರ್ದೂ ಮಾತು ಮುಗಿಯೋಗಂಟ ಮೇಲಕ್ಕೇಳ್ಕೂಡ್ದು." ಆಮೇಲೆ ದನದ ಕಡೆ ತಿರುಗಿ, ನನಗಲ್ಲ ಎಂಬಂತೆ, "ಎರಡ್ ಹೋರಿ ಮಾರ್ಬುಟ್ಟಿ. ಇವುಕ್ಕಾರ ಮುಂಚೇನೆ ಬ್ಯಾರೆ ಜಾಗ ನೋಡವ ಅಂತ ಹೊಂಟಿದ್ದಿ," ಎಂದಳು.

ಹೋದ ಹೋರಿಗಳು ಹೋದವು, ಅವನ್ನು ತಂದುಕೊಡುವ ಯಾವ ದಾರಿಯೂ ನನ್ನ ಬಳಿ ಇರಲಿಲ್ಲ. ಇನ್ನು ಗಡುವು ಮುಗಿಯುವುದರೊಳಗೆ ಇವರ ಬಾಯಿಂದ ನಾಲ್ಕು ಮಾತು ಬಾರದಿದ್ದರೆ ದೊಡ್ಡಿಯೂ ಹೋಗುತ್ತಿತ್ತು, ಸತ್ತೇಗಾಲದವರ ಅರ್ಜಿಯೊಂದೇ ಜನಾಭಿಪ್ರಾಯ ಎನಿಸಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಒಂದು ದಿನ ನಿಲ್ಲಿ ಎಂದು ಬೇಡಿಕೊಂಡೆ. ಆಕೆ ದನಗಳನ್ನು ಊರಂಚಿನ ಬಯಲಿಗೆ ತಿರುಗಿಸಿದಳು. ಒಂದು ದಿನ ಮಾತ್ರ ಎಂದಳು.

ಹೂಗ್ಯಂಗೆ ಓಡಿ ಬಂದು ಎಲೆ ಅಡಿಕೆ ಕೊಂಡೆ. ಡಂಗುರವನ್ನು ಹಿಂದಕ್ಕೆ ಪಡೆದಿದ್ದೇವೆ ಎಂದು ಇನ್ನೊಂದು ಡಂಗುರ ಹೊಡೆಸೋಣವೇ ಎಂದು ತೋಟಿಯನ್ನು ಕೇಳಿದೆ. ಆತ ನಕ್ಕುಬಿಟ್ಟ. "ಇನ್ನೊಂದ್ಸಲ ಬಡುದ್ರ ಉಳುದಿರೋರೂ ಓಯ್ತಾರ ಸಾ." ಸರಿ, ಹಾಗಾದರೆ ತಮಟೆ ಮನೆಯಲ್ಲಿಟ್ಟು ನೀನೇ ಎಲೆ ಹಿಡಿದು ಬಾ ಎಂದೆ.

"ನನ್ ಕೈಲಿ ಎಲೆ ಯಾರ್ ಈಸ್ಕತಾರ ಸಾ," ಎಂದ. ಅದರಲ್ಲಿ ದೂರೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಮೊದಲ ಎಲೆ ಅವನ ಕೈಗೇ ಇಟ್ಟೆ. ದೊಡ್ಡವ್ವನ ದೊಡ್ಡಿಯಲ್ಲಿ ಅವನದೂ ಒಂದು ಪಾಲಿನ ಕಡಸು ಇತ್ತೆಂಬುದು ಆಗ ತಿಳಿಯಿತು. ಎಲೆಯನ್ನು ಮುಂಡಾಸಿನಲ್ಲಿ ಸಿಕ್ಕಿಸಿಕೊಂಡು ಮುಂದೆ ನಡೆದ. ತಮಟೆಯವನು ತಮಟೆಯಿಲ್ಲದೆ ಕಾಡಿಗೆ ಬಂದದ್ದನ್ನು ನೋಡಲೆಂದೇ ಜನ ಗುಡಿಸಲಿನಿಂದ ಹೊರಬಂದರು. ಅಂದು ಸಾರಿದ್ದು ಹುಕುಮಲ್ಲ ಎಂದು ಅವನು ಹೇಳಿದ ಮೇಲೆ ನಾನು ಎಲೆ ಕೊಟ್ಟೆ. ನಾನೊಬ್ಬನೇ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಮಾರನೆಯ ದಿನ ನಡುಮಧ್ಯಾಹ್ನ, ದನಗಳು ಹಳ್ಳದ ನೆರಳಲ್ಲಿ ಮಲಗಿ ಮೆಲುಕು ಹಾಕುವ ಹೊತ್ತಿಗೆ, ಕೂಟ ಸೇರಿತು. ದೊಡ್ಡಿಯ ಗಂಡಸರು ಒಂದು ಕಡೆ, ದೊಡ್ಡವ್ವ ಮತ್ತೆ ಕೆಲವರು ಹೆಂಗಸರು ಇನ್ನೊಂದು ಕಡೆ, ತೋಟಿ ದೂರದಲ್ಲಿ ಒಂದು ಬಂಡೆಯ ಮೇಲೆ. ನಾನು ನನ್ನ ಚೆಂದದ ಕನ್ನಡ ಪ್ರತಿಯನ್ನು ಓದಿದೆ. ಏನಾದರೂ ಹೇಳಿ ಎಂದೆ. "ಸರ್ಕಾರ ಬರ್ದದ ಅಂದ್ರ ಸರ್ಯಾಗೇ ಇದ್ದದು," ಎಂದ ಒಬ್ಬ ಮುದುಕ. ನನಗೆ ಎದ್ದು ಹೋಗಿಬಿಡೋಣ ಎನಿಸಿತು. ಆದರೆ ಎಲೆ ಕೊಟ್ಟವನು ಏಳುವ ಹಾಗಿರಲಿಲ್ಲ.

"ಆ ಕಾಗ್ದ ಮಡ್ಚಿಡು ಮೊದ್ಲು," ಎಂದಳು ದೊಡ್ಡವ್ವ. ಮಡಿಸಿಟ್ಟೆ. ಇನ್ನೇನು ಕೇಳಬೇಕೋ ತೋಚದೆ, ಹೋದ ಸಲ ದೊಡ್ಡಿ ಯಾವಾಗ ಕಿತ್ತಿರಿ, ಯಾಕೆ ಕಿತ್ತಿರಿ ಎಂದು ಸುಮ್ಮನೆ ಬಾಯಿಗೆ ಬಂದದ್ದನ್ನು ಕೇಳಿದೆ.

ಅಷ್ಟೇ ಸಾಕಾಯಿತು. ಮಳೆಗಾಲದಲ್ಲಿ ಸಗಣಿ ಕೆಸರಾಗಿ ಗೊರಸು ಕೊಳೆತದ್ದಕ್ಕೆ ಎಂದ ಒಬ್ಬ. ಆನೆ ಬೇಲಿ ನುಗ್ಗಿದ್ದಕ್ಕೆ ಎಂದ ಇನ್ನೊಬ್ಬ. ಮೇಲಿನ ದೊಡ್ಡಿಯವರು ನೀರು ಕದಡುತ್ತಾರೆ, ಅವರನ್ನು ಕಲ್ಲು ನೆಟ್ಟು ಒಂದೇ ಕಡೆ ಕೂರಿಸಿದರೆ ಒಳ್ಳೆಯದೇ ಎಂದು ಕೆಳಗಿನವನೊಬ್ಬ ಎದ್ದ. ಅವನ ಮೇಲೆ ನಾಲ್ವರು ಬಿದ್ದರು. ತಾಯಿ ಮಕ್ಕಳನ್ನೆಲ್ಲ ಎಳೆದು ತಂದು ಬೈದಾಡಿಕೊಂಡರು. ನಾನು ಬರೆದುಕೊಳ್ಳುತ್ತಲೇ ಇದ್ದೆ. ಕಾಲು ಜೋಮು ಹಿಡಿಯಿತು, ಇರುವೆ ಹತ್ತಿತು, ನೀರಡಿಕೆಯಾಯಿತು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಒಂದೇ ಕಡೆ ಕೂತದ್ದಿಲ್ಲ.

ಕೊನೆಯಲ್ಲಿ ದೊಡ್ಡವ್ವ ಹೇಳಿದಳು. "ಕಾಲುಬಾಯಿ ಜರ ಬಂದಾಗ ಬೆಳುಗ್ಗ ಜೊಲ್ಲು ಸುರುಸ್ದ ದನ ಸಂದ್ಗ ಬ್ಯಾರೆ ದೊಡ್ಡೀಲಿರ್ಬೇಕು. ಇಲ್ಲಾಂದ್ರ ಪೂರಾ ದೊಡ್ಡೀಗೇ ಅಂಟ್ಕತದ. ಹನೂರ್ಗ ಓಗಿ, ಸಾಯೇಬ್ರ ಕಾದು, ಕಾಗ್ದ ಬರುಸ್ಕಂಡು ಬರೋಗಂಟ ಜರ ಕಾಯ್ತದಾ?" ಎಲ್ಲರೂ ಹೌದು ಹೌದು ಎಂದರು. ಬಂಡೆಯ ಮೇಲಿನಿಂದ ತೋಟಿಯೂ ಒಂದು ಮಾತು ಹೇಳಿದ. ಬೇಸಿಗೆಯಲ್ಲಿ ಕಾಡು ಮುಚ್ಚಿದರೆ ಗೌಡರ ದನಕ್ಕೆ ಗೌಡರ ಹೊಲದ ಕೂಳೆ ಇದೆ, ನನ್ನ ಕಡಸು ಎಲ್ಲಿ ಮೇಯಬೇಕು ಎಂದ. ಅದಕ್ಕೆ ಯಾರೂ ಹೌದು ಎನ್ನಲಿಲ್ಲ. ನಾನು ಬರೆದುಕೊಂಡೆ.

ಈಗ ಹೆಬ್ಬೆಟ್ಟು ಒತ್ತಿ ಎಂದು ಶಾಯಿ ತೆಗೆದೆ. ಇಡೀ ಕೂಟ ಹಿಂದಕ್ಕೆ ಸರಿಯಿತು. ಹೆಬ್ಬೆಟ್ಟು ಒತ್ತಿದ್ದಕ್ಕೇ ಯಾರ ಯಾರ ಹೊಲ ಹೋಯಿತು ಎಂಬ ಕಥೆಗಳು ಶುರುವಾದವು. ಗೋಗರೆದೆ, ರೇಗಿದೆ. ಉಹೂಂ. "ಬಾಯಲ್ಲಿ ಏಳುದ್ದೀವಲ್ಲ ಬುದ್ದಿ. ಬಾಯಿಗಿಂತ ಬೆಟ್ಟು ದೊಡ್ಡದಾ," ಎಂದಳು ದೊಡ್ಡವ್ವ. ಗಡುವಿಗೆ ಇನ್ನು ಮೂರೇ ದಿನವಿತ್ತು. ರುಜುವಿಲ್ಲದ ಆಕ್ಷೇಪಣೆಯನ್ನು ಸಾಹೇಬರು ಓದುವುದೂ ಇಲ್ಲ ಎಂದು ನನಗೆ ಗೊತ್ತಿತ್ತು. ಆಗ ನನಗೊಂದು ಯೋಚನೆ ಬಂತು, ಬಂದದ್ದನ್ನು ತೂಗಿ ನೋಡುವ ತಾಳ್ಮೆ ನನಗಿರಲಿಲ್ಲ. "ಹಾಗಾದರೆ ನೀವು ನಮ್ಮ ಸಾಹೇಬರಿಗೆ ಎಲೆ ಕಳಿಸಿ," ಎಂದೆ. ದೊಡ್ಡವ್ವ ಸೆರಗಿನ ಗಂಟಿನಿಂದ ಎಲೆ ಅಡಿಕೆ ತೆಗೆದು ನನ್ನ ಕೈಗೆ ಕೊಟ್ಟಳು.

ಕೊಳ್ಳೇಗಾಲ ತಲುಪಿದವನೇ ಧೂಳು ಕೂಡ ತೊಳೆಯದೆ ಸಾಹೇಬರ ಮೇಜಿನ ಮೇಲೆ ಬರವಣಿಗೆ ಇಟ್ಟೆ. ಅವರು ಹಾಳೆ ತಿರುವಿ, ಕೊನೆಯಲ್ಲಿ ರುಜು ಹುಡುಕಿ, ಹಿಂದಕ್ಕೆ ತಳ್ಳಿದರು. ಆಗ ಅದರ ಮೇಲೆ ಎಲೆ ಅಡಿಕೆ ಇಟ್ಟೆ.

"ಇದೇನು?"

"ದೊಡ್ಡಿಯವರು ತಮಗೆ ಕಳಿಸಿದ್ದು ಸಾರ್. ಕೂಟಕ್ಕೆ ಕರೆದಿದ್ದಾರೆ."

ಅವರ ಮುಖ ಕೆಂಪಾಯಿತು. "ಇದನ್ನು ಇಸಿದುಕೊಂಡು ಬರಲು ನಿನಗೆ ಯಾರು ಅಧಿಕಾರ ಕೊಟ್ಟರು? ವೆತ್ತಿಲೆ ಪಾಕ್ಕು ಬಂದ ಮೇಲೆ ಹೋಗದಿದ್ದರೆ ಏನರ್ಥ ಅಂತ ಗೊತ್ತಾ ನಿನಗೆ?" ಎಂದರು. ಗೊತ್ತಿತ್ತು. ಅವರಿಗೂ ಗೊತ್ತಿದ್ದದ್ದು ನನ್ನ ಪುಣ್ಯ. ನಾನು ತಲೆ ತಗ್ಗಿಸಿ ನಿಂತೆ, ಕೆಲಸ ಹೋಯಿತು ಎಂದೇ ಅಂದುಕೊಂಡಿದ್ದೆ. ಅವರು ಎಲೆಯನ್ನು ಮುಟ್ಟದೆ ಮನೆಗೆ ಹೋದರು. ಬೆಳಿಗ್ಗೆ ಕಚೇರಿಗೆ ಬಂದಾಗ ಬಾಗಿಲಲ್ಲಿ ಜೀಪು ನಿಂತಿತ್ತು, ಸಾಹೇಬರು ಒಳಗೆ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಹಳ್ಳದ ನೆರಳಲ್ಲಿ ಅದೇ ಕೂಟ. ಭಾಷಾಂತರಕ್ಕೆಂದು ನಾನು ಸಾಹೇಬರ ಪಕ್ಕ ಗಂಟಲು ಸರಿಮಾಡಿಕೊಂಡು ನಿಂತೆ. ದೊಡ್ಡವ್ವ ಅವರ ಮುಂದೆ ಕಂಬಳಿ ಹಾಸಿ, "ಉಕ್ಕಾರುಂಗೊ ಸಾಮಿ," ಎಂದಳು. ಗಡಿಯ ಊರು. ಆಕೆಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು. ಆಮೇಲೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಂದು ಕಡೆ ಹೊಟ್ಟೆ ಉರಿ, ಇನ್ನೊಂದು ಕಡೆ ನಗು ಬಂತು.

ಜ್ವರದ ವಿಷಯ ಬಂದಾಗ ಸಾಹೇಬರು ಎರಡು ಮೂರು ಸಲ ಕೇಳಿ ಖಚಿತ ಮಾಡಿಕೊಂಡರು. ಹನೂರಿನ ಅಪ್ಪಣೆ ಬೇಡ, ಹತ್ತಿರದ ಗಾರ್ಡಿಗೆ ಬಾಯಲ್ಲಿ ತಿಳಿಸಿ ಕದಲಿಸಬಹುದು ಎಂದು ಬರೆದರೆ ಆದೀತೇ ಎಂದರು. ಆದೀತು ಎಂದರು ಇವರು. ಮುಂದಿನದು ಬೇಸಿಗೆಯ ಮಾತು. ಸಾಹೇಬರು ನೇರವಾಗಿ ಕೇಳಿದರು. "ಕಾಡಿಗೆ ಬೆಂಕಿ ಇಡುವವರು ಯಾರು? ನೀವೇ ಅಲ್ಲವೇ?" ಎಲೆ ಕೊಟ್ಟವರು ಈಗ ಅವರು, ಏಳುವ ಹಾಗಿರಲಿಲ್ಲ. ಆ ಮುದುಕನೇ ಕೊನೆಗೆ, "ಇಕ್ತೀವಿ ಬುದ್ದಿ. ಇಲ್ಲಾಂದ್ರ ದನದ್ ಮೈ ಕಚ್ಚೋ ಉಣ್ಣೆ ಸಾಯಲ್ಲ, ಹೊಸ ಹುಲ್ಲು ಬರಲ್ಲ," ಎಂದ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವ್ವ ಅದನ್ನು ತಮಿಳಿನಲ್ಲಿ ಹೇಳಿಬಿಟ್ಟಳು.

ಹೋದ ವರ್ಷ ಸುಟ್ಟ ಕಾಡು ಇನ್ನೂ ಚಿಗುರಿಲ್ಲ, ನಾಳೆ ನಿಮ್ಮ ದನಕ್ಕೂ ಇರುವುದಿಲ್ಲ, ಈ ಎರಡು ತಿಂಗಳನ್ನು ನಾನು ಬಿಟ್ಟುಕೊಡಲಾರೆ ಎಂದರು ಸಾಹೇಬರು. ಆಕೆ ವಾದ ಮಾಡಿದಳು, ಒಂದು ತಿಂಗಳಾದರೂ ಕಡಿಮೆ ಮಾಡಿ ಎಂದಳು, ಕೊನೆಗೆ ಕೈಮುಗಿದಳು. ತೋಟಿಯ ಕಡಸಿನ ಪ್ರಶ್ನೆಯನ್ನು ನಾನೇ ಎತ್ತಿದೆ. ಅದಕ್ಕೂ ಸಾಹೇಬರಲ್ಲಿ ಉತ್ತರವಿರಲಿಲ್ಲ, ಇಲ್ಲ ಎಂದೇ ಹೇಳಿದರು. ಹೇಳುವಾಗ ಅವನ ಕಡೆಗೇ ತಿರುಗಿ ಹೇಳಿದರು. ನಾನು ಬರೆದುಕೊಂಡ ಹಾಳೆಗಳ ಕೆಳಗೆ, ಇವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ ಎಂದು ಬರೆದು ತಾವೇ ರುಜು ಹಾಕಿದರು.

ನಿಯಮ ಅಚ್ಚಾಗಿ ಬಂದಾಗ ದೊಡ್ಡಿ ಕದಲಿಸುವ ಷರತ್ತು ಬದಲಾಗಿತ್ತು. ಬೇಸಿಗೆಯ ಎರಡು ತಿಂಗಳು ಹಾಗೆಯೇ ಉಳಿದಿತ್ತು. ನನಗೆ ಸಮಾಧಾನವಿರಲಿಲ್ಲ. ಇಷ್ಟೆಲ್ಲ ಓಡಾಡಿಸಿ ಅರ್ಧ ಮಾತ್ರ ಕೊಡಿಸಿದೆನಲ್ಲ, ಅತ್ತ ಹೋರಿಗಳೂ ಹೋದವಲ್ಲ ಎಂದು ಒಳಗೆ ಕೊರೆಯುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಬೇರೆ ಕೆಲಸದ ನೆಪ ಮಾಡಿಕೊಂಡು ಹನೂರಿಗೆ ಹೋದೆ. ಕಾಡಿನಲ್ಲಿ ಇನ್ನೂ ಎಷ್ಟೋ ದೊಡ್ಡಿಗಳು ಕದ್ದು ಕೂತಿವೆ, ಇಳಿಸುವುದೇ ಕಷ್ಟವಾಗಿದೆ ಎಂದು ಗಾರ್ಡು ಗೊಣಗಿದ. ಊರಾಚೆಯ ಕೂಳೆ ಹೊಲದಲ್ಲಿ ದೊಡ್ಡವ್ವನ ದನಗಳು ಮೇಯುತ್ತಿದ್ದವು. ತೋಟಿಯ ಕಡಸೂ ಅವುಗಳ ನಡುವೆ ಇತ್ತು. ಹೊಲದವನಿಗೆ ಗೊಬ್ಬರ ಬಿಡುತ್ತೇನೆ ಎಂದು ಆಕೆಯೇ ಮಾತಾಡಿಕೊಂಡಿದ್ದಳಂತೆ.

ಹತ್ತಿರ ಹೋಗಿ ನಿಂತೆ. ದನ ಬಡಕಲಾಗಿದ್ದವು. ಏನು ಹೇಳಬೇಕೋ ತಿಳಿಯದೆ, "ಎಲ್ಲರಿಗಿಂತ ಮೊದಲು ನೀವೇ ಇಳಿದು ಬಂದ್ರಂತೆ. ಕೊನೇತನಕ ಬೇಡ ಅಂದವರೂ ನೀವೇ," ಎಂದೆ.

ಆಕೆ ಕಡಸಿನ ಮೈಯಿಂದ ಉಣ್ಣೆ ಕೀಳುತ್ತ ತಲೆಯೆತ್ತದೆ ಹೇಳಿದಳು. "ಮೊದ್ಲು ತಮಟೆ ಬಡುದಾಗ ಹೆದ್ರಕಂಡು ಇಳ್ದಿದ್ದಿ. ಈಗ ಹಂಗಲ್ಲ ಕಣಪ್ಪ. ನನ್ ಮಾತ ನಾ ಆಡ್ದಿ, ಆ ಮನ್ಸ ಎದ್ರುಗ್ ಕುಂತು ಆಗಲ್ಲ ಅಂದ. ಮಾತಾಡಿ ಸೋತಿವ್ನಿ."

ಆಮೇಲೆ ಉಣ್ಣೆಯನ್ನು ಕಲ್ಲಿನ ಮೇಲಿಟ್ಟು ಅರೆದು, ದನಗಳನ್ನು ನೀರಿನ ಕಡೆ ಹೊಡೆದುಕೊಂಡು ಹೋದಳು.